ತೂಕದಕ್ಕನ ಬಟಾಣಿ

ತೂಕದಕ್ಕನ ಮನೆಗೆ ಬರುತ್ತಿದ್ದಷ್ಟು ಅಂಚೆ ನಮ್ಮೂರಿನ ಗಣಿ ಮ್ಯಾನೇಜರ್ ಬಂಗಲೆಗೂ ಬರುತ್ತಿರಲಿಲ್ಲ. ಅದನ್ನೆಲ್ಲ ಹೊತ್ತವನು ನಾನು, ಹಾಗಾಗಿ ಈ ಲೆಕ್ಕದಲ್ಲಿ ನನ್ನ ಮಾತನ್ನು ನಂಬಬಹುದು. ಚಳಿಗಾಲದ ನಡುವೆ ರಸ್ತೆ ತೆರೆದ ದಿನ ನೋಡಿಕೊಂಡು ಅಂಚೆ ಲಾರಿ ಬೆಟ್ಟ ಹತ್ತಿ ಬಂದರೆ, ಚೀಲದ ಅರ್ಧ ಭಾರ ಬೀಜದ ಕಂಪನಿಗಳ ಕ್ಯಾಟಲಾಗುಗಳದ್ದೇ. ಹೊರಗೆ ಒಂದು ಹುಲ್ಲುಕಡ್ಡಿಯೂ ಕಾಣದ ಕಾಲದಲ್ಲಿ, ಮೊಣಕಾಲು ಮುಳುಗುವ ಹಿಮದಲ್ಲಿ, ಕೆಂಪು ಟೊಮೆಟೊ ಚಿತ್ರಗಳನ್ನು ಬಗಲಿಗೆ ಹಾಕಿಕೊಂಡು ಹೋಗುವವನ ಸ್ಥಿತಿ ಯೋಚಿಸಿ. ದಾರಿಯುದ್ದಕ್ಕೂ ಬೈದುಕೊಂಡೇ ಹೋಗುತ್ತಿದ್ದೆ. ಬಾಗಿಲು ತಟ್ಟುವ ಹೊತ್ತಿಗೆ ಬೈಗುಳ ಮುಗಿದಿರುತ್ತಿತ್ತು, ಅಕ್ಕ ಒಳಗೆ ಕರೆದು ಬಿಸಿ ಚಹಾ ಕೊಡುತ್ತಿದ್ದಳು.

ನಮ್ಮದು ರಸ್ತೆ ಮುಗಿಯುವ ಊರು. ಮರಗಳು ನಮಗಿಂತ ಎರಡು ಮೈಲಿ ಕೆಳಗೇ ನಿಂತುಬಿಡುತ್ತವೆ, ಮೇಲೆ ಬರಲು ಅವಕ್ಕೂ ಇಷ್ಟವಿಲ್ಲ. ಗಣಿ ಇರುವುದರಿಂದ ಊರಿದೆ. ಅಕ್ಕ ಗಣಿಯ ಗೇಟಿನಲ್ಲಿ ಲಾರಿಗಳನ್ನು ತೂಗುವ ಕೆಲಸದಲ್ಲಿದ್ದಳು. ಒಂದು ಚಿಕ್ಕ ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಲಾರಿ ಹತ್ತಿ ನಿಲ್ಲುವ ಕಬ್ಬಿಣದ ಹಾಸು. ಡ್ರೈವರ್‌ಗಳು ಎಷ್ಟು ನಕ್ಕರೂ, ಎಷ್ಟು ಗೋಗರೆದರೂ ಆಕೆಯ ಚೀಟಿಯಲ್ಲಿ ಒಂದು ಕಿಲೋ ಆಚೀಚೆ ಆದದ್ದಿಲ್ಲ. ಅದಕ್ಕೇ ಊರೆಲ್ಲ ತೂಕದಕ್ಕ ಎಂದಿತು. ಆಕೆಯ ನಿಜವಾದ ಹೆಸರು ಪಗಾರದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ.

ವಾರಕ್ಕೊಮ್ಮೆ ಕೆಳಗಿನಿಂದ ತರಕಾರಿ ಲಾರಿ ಬರುತ್ತಿತ್ತು. ಬರುವಷ್ಟರಲ್ಲಿ ಅರ್ಧ ಕೊಳೆತು, ಇನ್ನರ್ಧ ಹೆಪ್ಪುಗಟ್ಟಿ, ಒಟ್ಟಾರೆ ದನಕ್ಕೂ ಆಗದು ಜನಕ್ಕೂ ಆಗದು. ಆದ್ದರಿಂದ ನಮ್ಮೂರಲ್ಲಿ ಮನೆಯ ಹಿಂದೆ ನಾಲ್ಕು ಅಡಿ ಜಾಗವಿದ್ದವರೂ ಏನಾದರೂ ಬಿತ್ತುತ್ತಾರೆ. ಬಿತ್ತಲು ನಮಗೆ ಸಿಗುವುದು ಎಪ್ಪತ್ತೈದು ದಿನ. ಆ ಎಪ್ಪತ್ತೈದರೊಳಗೂ ಯಾವುದೋ ಒಂದು ಬೆಳಗ್ಗೆ ಇಬ್ಬನಿ ಎಲೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಬಿಸಿಲೇರಿದ ಮೇಲೆ ನೋಡಿದರೆ ಗಿಡ ಬೇಯಿಸಿದ ಸೊಪ್ಪು.

ಯಾವ ಕಂಪನಿಯಿಂದ ಬೀಜ ತರಿಸಬೇಕು ಎಂದು ಊರಿನ ಪರವಾಗಿ ತೀರ್ಮಾನಿಸುತ್ತಿದ್ದವಳು ಅಕ್ಕ. ಯಾರೂ ನೇಮಿಸಿರಲಿಲ್ಲ. ಮೋಸ ಹೋಗಿ ಹೋಗಿ ಸುಸ್ತಾದವರು ಒಬ್ಬೊಬ್ಬರೇ ಆಕೆಯ ಕಿಟಕಿಗೆ ಬಂದು ಕೇಳತೊಡಗಿದ್ದರು, ಅಷ್ಟೇ.

ಆಕೆಯದ್ದು ಒಂದು ಪರೀಕ್ಷೆಯಿತ್ತು. ಹೊಸ ಕಂಪನಿಯ ವಿಳಾಸ ಸಿಕ್ಕರೆ ಮೊದಲು ಒಂದು ಕಾಗದ ಬರೆಯುವಳು. ನಮ್ಮ ಊರು ಇಷ್ಟು ಎತ್ತರದಲ್ಲಿದೆ, ಬೇಸಿಗೆಯಲ್ಲೂ ಬೆಳಗಿನ ಜಾವ ಬಕೆಟ್ಟಿನ ನೀರು ಹೆಪ್ಪುಗಟ್ಟುವುದುಂಟು, ನಿಮ್ಮ ಕಲ್ಲಂಗಡಿ ಇಲ್ಲಿ ಹಣ್ಣಾಗುತ್ತದೆಯೇ? ಇಷ್ಟೇ ಪ್ರಶ್ನೆ. ನಮ್ಮೂರಲ್ಲಿ ಕಲ್ಲಂಗಡಿ ಹಣ್ಣಾಗುವುದು ಕೋಣ ಕರು ಹಾಕಿದ ದಿನ. ಆದರೂ ಹತ್ತರಲ್ಲಿ ಎಂಟು ಕಂಪನಿಗಳು "ಖಂಡಿತವಾಗಿ" ಎಂದು ಬರೆಯುತ್ತಿದ್ದವು. ತೂಕದ ಕೋಣೆಯ ಗೋಡೆಯಲ್ಲಿ ಮೂರು ಮೊಳೆಗಳಿದ್ದವು. ಇಲ್ಲ ಎಂದವರ ಕ್ಯಾಟಲಾಗು ಮೊದಲ ಮೊಳೆಗೆ. ನೋಡೋಣ, ಪ್ರಯತ್ನಿಸಿ ಎಂದವರದು ಎರಡನೆಯದಕ್ಕೆ. ಖಂಡಿತ ಎಂದವರದು ಮೂರನೆಯದಕ್ಕೆ, ಅಲ್ಲಿಂದ ಒಲೆಗೆ.

"ಇಲ್ಲ ಅನ್ನೋಕೆ ಬಾರದವನ ಹತ್ರ ಏನೂ ಕೊಳ್ಳಬಾರದು ಪೋಸ್ಟಪ್ಪ" ಎನ್ನುತ್ತಿದ್ದಳು. ನನ್ನನ್ನು ಆಕೆ ಕರೆಯುತ್ತಿದ್ದದ್ದೇ ಹಾಗೆ.

ಇಲ್ಲ ಎಂದವರಿಗೂ ಎರಡನೇ ಕಾಗದ ಹೋಗುತ್ತಿತ್ತು. ನಿಮ್ಮ ತೋಟ ಎಷ್ಟು ಎತ್ತರದಲ್ಲಿದೆ? ಪೊಟ್ಟಣದ ಮೇಲೆ ಅರವತ್ತು ದಿನ ಎಂದಿದ್ದೀರಿ, ಅದು ಬಿತ್ತಿದ ದಿನದಿಂದಲೋ ಸಸಿ ನೆಟ್ಟ ದಿನದಿಂದಲೋ? ಬೀಜ ನೀವೇ ಬೆಳೆದದ್ದೋ, ಬೇರೆಯವರಿಂದ ಕೊಂಡು ಪೊಟ್ಟಣ ಕಟ್ಟಿದ್ದೋ? ಉತ್ತರ ಬಂದ ಮೇಲೂ ಅವರು ಹೇಳಿದ ದಿನಗಳಿಗೆ ಮೂರನೇ ಒಂದು ಭಾಗ ಸೇರಿಸುವಳು. ಕೆಳಗಿನವರ ಅರವತ್ತು ನಮ್ಮ ಎಂಬತ್ತು ಎಂದು ಆಕೆಯ ಲೆಕ್ಕ, ಏಕೆಂದರೆ ನಮ್ಮಲ್ಲಿ ರಾತ್ರಿ ಗಿಡ ಬೆಳೆಯುವುದಿಲ್ಲ, ನಡುಗುತ್ತ ನಿಂತಿರುತ್ತದೆ.

ಆ ಕಲ್ಲಂಗಡಿ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಒಂದು ಇಂದಿಗೂ ನನಗೆ ಬಾಯಿಪಾಠ. ಕಾರ್ಡಿನಲ್ಲಿ ಬಂದಿತ್ತು, ಓದಬಾರದೆಂದರೂ ಕಣ್ಣಿಗೆ ಬೀಳುತ್ತದೆ. "ಆಗುವುದಿಲ್ಲ. ತಿನ್ನುವ ಆಸೆಯಿದ್ದರೆ ಬೆಟ್ಟ ಇಳಿದು ಕೊಂಡು ತಿನ್ನಿ. ನಿಮ್ಮ ಎತ್ತರಕ್ಕೆ ಒಗ್ಗುವ ಬೀಜ ನನ್ನ ಪಟ್ಟಿಯಲ್ಲಿ ಹನ್ನೊಂದೇ ಇವೆ, ಗುರುತು ಹಾಕಿದ್ದೇನೆ. ಉಳಿದದ್ದು ಕೇಳಬೇಡಿ, ಕೇಳಿದರೂ ಕಳಿಸುವುದಿಲ್ಲ." ಇನ್ನೊಂದು ಬೆಟ್ಟದ ಮೇಲೆ ಒಬ್ಬನೇ ತೋಟ ಮಾಡಿಕೊಂಡು, ಕಂದು ಕಾಗದದ ಮೇಲೆ ಪಟ್ಟಿ ಅಚ್ಚು ಹಾಕಿಸಿ ಬೀಜ ಮಾರುತ್ತಿದ್ದ ಮುದುಕ ಆತ. ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಆ ಕಾರ್ಡನ್ನು ಡ್ರೈವರ್‌ಗಳಿಗೆಲ್ಲ ಓದಿ ಹೇಳಿದಳು. ಆತನಿಗೆ ಹಾಗಲಕಾಯಿ ಎಂದು ಹೆಸರಿಟ್ಟವಳು ಅಕ್ಕನ ತಂಗಿ.

ತಂಗಿಯ ವಿಷಯ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

ಅಕ್ಕನಿಗೂ ಆಕೆಗೂ ಹದಿನಾಲ್ಕು ವರ್ಷ ಅಂತರ. ತಾಯಿ ಬೇಗ ಹೋದದ್ದರಿಂದ ಅಕ್ಕನೇ ಎತ್ತಿ ಆಡಿಸಿ, ತಲೆ ಬಾಚಿ, ಬೈದು ಬೆಳೆಸಿದ್ದು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಇವಳದ್ದೊಂದು ಆಗಲಿ" ಎಂದು ತಳ್ಳಿದಳು, ಕೊನೆಗೆ ಇಬ್ಬರದ್ದೂ ಆಗಲಿಲ್ಲ. ತಂಗಿ ಗಣಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕೊಳೆತದ್ದನ್ನು ಬೇರೆ ಮಾಡಿ ಮಾಡಿ ಆಕೆಗೆ ಜೀವ ಸಾಕಾಗಿತ್ತು. ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರದು. ನನ್ನ ನಡಿಗೆಯನ್ನು ಅಣಕಿಸುತ್ತಿದ್ದಳು, ಮ್ಯಾನೇಜರ್ ಕೆಮ್ಮನ್ನು ಅಣಕಿಸುತ್ತಿದ್ದಳು, ಅಕ್ಕ ಲಾರಿಗೆ "ಇನ್ನೂ ಮುಂದೆ ಬಾ, ಇನ್ನೂ" ಎನ್ನುವುದನ್ನು ಅಣಕಿಸಿದರೆ ಅಕ್ಕನೂ ನಗಬೇಕಾಗುತ್ತಿತ್ತು.

ಒಂದು ವರ್ಷ ಬಟಾಣಿ ಹೂ ಬಿಟ್ಟ ಕಾಲದಲ್ಲಿ ಘೋರವಾದ ಚಳಿ ಬಿತ್ತು. ಬೆಳಗ್ಗೆ ನೋಡಿದರೆ ಸಾಲಿಗೆ ಸಾಲೇ ಕಪ್ಪಾಗಿ ಮಲಗಿತ್ತು. ನೀರಿನ ಡ್ರಮ್ಮಿನ ಪಕ್ಕ ಒಂದೇ ಒಂದು ಬಳ್ಳಿ, ಏನೂ ಆಗಿಲ್ಲವೆಂಬಂತೆ ಹಸಿರಾಗಿ ನಿಂತಿತ್ತು. ತಂಗಿ ತನ್ನ ಸ್ವೆಟರಿನ ತೋಳಿನಿಂದ ಕೆಂಪು ಉಣ್ಣೆಯ ಎಳೆ ಕಿತ್ತು ಅದಕ್ಕೆ ಕಟ್ಟಿದಳು. ಯಾರೂ ಮುಟ್ಟಬಾರದು ಎಂದು ಅರ್ಥ. ಆ ಬಳ್ಳಿಯಲ್ಲಿ ಸಿಕ್ಕಿದ್ದು ಮೂವತ್ತೊಂದು ಕಾಳು. ಮರುವರ್ಷ ಅವನ್ನು ಬಿತ್ತಿ, ಚಳಿಗೆ ಉಳಿದವಕ್ಕೆ ಮತ್ತೆ ಎಳೆ ಕಟ್ಟಿದಳು. ಹೀಗೆ ಆರು ವರ್ಷ. ಸ್ವೆಟರಿನ ಎಡತೋಳು ಮೊಣಕೈವರೆಗೆ ಖಾಲಿಯಾಗಿತ್ತು. ಆರನೇ ವರ್ಷ ಸಾಲಿನಲ್ಲಿ ಒಂದು ಬಳ್ಳಿಯೂ ಸಾಯಲಿಲ್ಲ.

ನಿಜ ಹೇಳಬೇಕೆಂದರೆ ಆ ಬಟಾಣಿಗೆ ರುಚಿಯಿರಲಿಲ್ಲ, ಅದಕ್ಕೇ ಊರಲ್ಲಿ ಬೇರೆ ಯಾರೂ ಅದನ್ನು ಬಿತ್ತಲಿಲ್ಲ. ನಾನೇ ತಿಂದಿದ್ದೇನೆ. ಬೇಯಿಸಿದರೆ ಹಿಟ್ಟು, ಹಸಿಯಾಗಿ ತಿಂದರೆ ಹುಲ್ಲು. ಹಾಗೆಂದು ತಂಗಿಗೆ ಹೇಳಿದಾಗ ಆಕೆ, "ರುಚಿ ಇಲ್ದಿದ್ರೆ ಏನಾಯ್ತು ಪೋಸ್ಟಣ್ಣ, ಬದುಕಿದೆಯಲ್ಲ" ಎಂದು ನಕ್ಕಿದ್ದಳು.

ಆ ಚಳಿಗಾಲವೇ ಆಕೆಗೆ ಎದೆಯಲ್ಲಿ ಕಫ ಕಟ್ಟಿತು. ಹಿಮ ಕುಸಿದು ರಸ್ತೆ ಒಂಬತ್ತು ದಿನ ಮುಚ್ಚಿತ್ತು. ಗಣಿಯ ಕಾಂಪೌಂಡರ್ ತನಗೆ ಗೊತ್ತಿದ್ದ ಮದ್ದೆಲ್ಲ ಕೊಟ್ಟ. ಎಂಟನೇ ದಿನ ಆಕೆ ಹೋದಳು, ಒಂಬತ್ತನೇ ದಿನ ರಸ್ತೆ ತೆರೆಯಿತು. ನನಗೆ ಆ ರಸ್ತೆಯ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಅಕ್ಕನ ಬಳಿ ಉಳಿದದ್ದು ಅರ್ಧ ತೋಳು ಇಲ್ಲದ ಒಂದು ಸ್ವೆಟರ್, ಒಂದು ಡಬ್ಬ ಬಟಾಣಿ. ಡಬ್ಬದ ಮೇಲೆ "ತಂಗಿ" ಎಂದು ಚೀಟಿ ಅಂಟಿಸಿದಳು. ಮಾತು ಕಡಿಮೆ ಮಾಡಿದಳು. ಆದರೆ ಆ ಬಟಾಣಿಯ ಸುದ್ದಿ ಬಂದರೆ ಮುಖಕ್ಕೆ ಒಂದಿಷ್ಟು ಜೀವ ಬರುತ್ತಿತ್ತು. ಅದು ಊರಿಂದ ಊರಿಗೆ ಹೋಗಬೇಕು, ಎಲ್ಲಿ ಚಳಿಯಿದೆಯೋ ಅಲ್ಲೆಲ್ಲ ಬೆಳೆಯಬೇಕು ಎಂಬುದೊಂದೇ ಆಸೆ. ಆಗ ಎರಡು ಹಿಡಿ ಕಾಳನ್ನು ಬಟ್ಟೆಯಲ್ಲಿ ಹೊಲಿದು ಹಾಗಲಕಾಯಿಗೆ ಕಳಿಸಿದಳು. ಅದರ ಕತೆಯನ್ನೂ ನಾಲ್ಕು ಪುಟ ಬರೆದಿದ್ದಳು. ಲಕೋಟೆಗೆ ಅಂಚೆಚೀಟಿ ಹಚ್ಚಿದವನು ನಾನೇ.

ಮರುವರ್ಷ ಆತನ ಪಟ್ಟಿ ಬಂತು. ಅಕ್ಕ ತೂಕದ ಕೋಣೆಯಲ್ಲೇ ಬಿಚ್ಚಿದಳು. ಹೊರಗೆ ಲಾರಿ ಹಾರನ್ ಹೊಡೆಯುತ್ತಿತ್ತು, ಆಕೆಗೆ ಕೇಳಿಸಲಿಲ್ಲ. ಬಟಾಣಿಯ ಪುಟದ ಕೊನೆಯಲ್ಲಿ ಹೀಗಿತ್ತು: "ತಂಗಿ. ಸಿಪ್ಪೆ ದಪ್ಪ. ಸಿಹಿ ಇಲ್ಲ. ಇಳುವರಿ ಸಾಧಾರಣ. ಚಳಿ ತಡೆಯುತ್ತದೆ. ಹೆಚ್ಚಿಗೆ ಹೇಳುವಂಥದ್ದು ಏನೂ ಇಲ್ಲ."

ಅಕ್ಕ ಎರಡು ಸಲ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು.

"ಹೇಳುವಂಥದ್ದು ಏನೂ ಇಲ್ವಂತೆ" ಎಂದಳು. "ಆರು ವರ್ಷ ಮಂಡಿಯೂರಿ ಕೂತು ಆರಿಸಿದ್ದು ಅದು. ನಾಲ್ಕು ಪುಟ ಬರೆದಿದ್ದೆ ನಾನು. ಏನೂ ಇಲ್ವಂತೆ."

"ಅಕ್ಕಾ, ಅವನು ಎಲ್ಲಾದಕ್ಕೂ ಹಾಗೇ ಬರೀತಾನೆ. ಇಲ್ನೋಡಿ, ಇದಕ್ಕೆ 'ಹಂದಿಗೂ ಬೇಡ' ಅಂತ ಬರ್ದಿದಾನೆ."

"ಬರೀಲಿ. ನನ್ನ ತಂಗಿ ಬಗ್ಗೆ ಬರೀಬಾರದು."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸುಳ್ಳು ಹೇಳಲಾರದವನೆಂದೇ ಆತನನ್ನು ಮೊದಲ ಮೊಳೆಗೆ ಏರಿಸಿದವಳು, ಸುಳ್ಳು ಹೇಳಲಿಲ್ಲವೆಂದೇ ಆ ದಿನ ಇಳಿಸಿದಳು. ತಂಗಿ ಬದುಕಿದ್ದು ಅದನ್ನು ಓದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಹೇಳುವ ಧೈರ್ಯ ಬರಲಿಲ್ಲ. ಕಂದು ಕಾಗದದ ಪಟ್ಟಿ ನನ್ನ ಕಣ್ಣೆದುರೇ ಒಲೆಗೆ ಹೋಯಿತು.

ಎರಡನೇ ಮೊಳೆಯಲ್ಲಿ ಒಂದು ಕಂಪನಿಯ ಕ್ಯಾಟಲಾಗು ತೂಗುತ್ತಿತ್ತು. ನುಣುಪು ಕಾಗದ, ಪುಟಪುಟಕ್ಕೂ ಬಣ್ಣ. ಕಲ್ಲಂಗಡಿ ಪ್ರಶ್ನೆಗೆ ಇವರು "ಪ್ರೀತಿಯಿಂದ ಬೆಳೆದರೆ ಏನು ತಾನೇ ಬೆಳೆಯುವುದಿಲ್ಲ" ಎಂದು ಉತ್ತರಿಸಿದ್ದರು. ಹಿಂದೆ ಅದನ್ನು ಓದಿ ಅಕ್ಕ ತಂಗಿ ಇಬ್ಬರೂ ನಕ್ಕು, ಸಕ್ಕರೆ ಕಂಪನಿ ಎಂದು ಹೆಸರಿಟ್ಟಿದ್ದರು. ಈಗ ಬಟಾಣಿ ಅವರಿಗೆ ಹೋಯಿತು, ಅದೇ ನಾಲ್ಕು ಪುಟದ ಕತೆಯೊಂದಿಗೆ. ಅವರ ಉತ್ತರ ತಿಂಗಳೊಳಗೆ ಬಂತು: ನಿಮ್ಮ ತಂಗಿಯವರ ತ್ಯಾಗದ ಕತೆ ಓದಿ ನಮ್ಮ ಕಚೇರಿಯಲ್ಲಿ ಎಲ್ಲರ ಕಣ್ಣೂ ಒದ್ದೆಯಾಯಿತು, ಈ ಅಮೂಲ್ಯ ಬೀಜವನ್ನು ನಾವು ಕಣ್ಣಿನ ರೆಪ್ಪೆಯಂತೆ ಕಾಪಾಡುತ್ತೇವೆ. ಅಕ್ಕ ಆ ಕಾಗದವನ್ನು ಮಡಚಿ ಬಟಾಣಿ ಡಬ್ಬದೊಳಗೇ ಇಟ್ಟುಕೊಂಡಳು. ನಿಮ್ಮ ತೋಟ ಎಷ್ಟು ಎತ್ತರದಲ್ಲಿದೆ ಎಂಬ ಎರಡನೇ ಕಾಗದವನ್ನು ಅವರಿಗೆ ಬರೆಯಲೇ ಇಲ್ಲ. ಜೀವಮಾನದಲ್ಲಿ ಅದೊಂದೇ ಸಲ ಆಕೆ ತೂಗದೆ ಚೀಟಿ ಕೊಟ್ಟದ್ದು.

ಮುಂದಿನ ವರ್ಷ ಹಿಮ ಕರಗಿ ಬಿತ್ತನೆಗೆ ಮೊದಲು ಹಾಗಲಕಾಯಿಯಿಂದ ಒಂದು ದಪ್ಪ ಲಕೋಟೆ ಬಂತು. ವಿಳಾಸದ ಅಕ್ಷರ ನೋಡಿಯೇ ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

"ನಂಗೆ ಬೇಡ. ವಾಪಸ್ ಕಳ್ಸು."

"ಒಳಗೆ ಏನೋ ಕಾಳು ಕಾಳು ಸಿಗ್ತಿದೆ ಅಕ್ಕಾ. ಬೆರಳಿಗೆ ತಾಗುತ್ತೆ, ಮುಟ್ಟಿ ನೋಡಿ."

"ಯಾವುದೋ ಬೀಜದ ಸ್ಯಾಂಪಲ್ಲು. ಗಿರಾಕಿ ಕೈಬಿಟ್ಟು ಹೋದ್ಲು ಅಂತ ಕಳ್ಸಿದಾನೆ. ಅದೇನೋ ಮೊಹರು ಇದೆಯಲ್ಲ ನಿನ್ನ ಹತ್ರ, ಒತ್ತು."

ಇದೆ. ಮರದ ಹಿಡಿಯ ರಬ್ಬರ್ ಮೊಹರು: "ವಿಳಾಸದಾರರು ನಿರಾಕರಿಸಿದ್ದಾರೆ." ಕೆಳಗೆ ತಾರೀಖು, ನನ್ನ ಸಹಿ. ಕಚೇರಿಗೆ ಹೋಗಿ ಒತ್ತಿ ವಾಪಸ್ ಚೀಲಕ್ಕೆ ಹಾಕಿದೆ. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಬಿಚ್ಚದೆ ವಾಪಸ್ ಮಾಡುವ ಹಕ್ಕು ವಿಳಾಸದಾರರದ್ದು, ಒತ್ತುವ ಕೆಲಸ ನನ್ನದು.

ಅದರ ಮುಂದಿನ ವರ್ಷವೂ ಅದೇ ಹೊತ್ತಿಗೆ ಬಂತು. ಅದರ ಮುಂದಿನ ವರ್ಷವೂ. ಮೊದಲ ಸಲ ಮುಟ್ಟಿ ನೋಡಿ ಎಂದವನು ಎರಡನೇ ಸಲದಿಂದ ಅದನ್ನೂ ಹೇಳಲಿಲ್ಲ. ಹೇಳಿದರೆ ಚಹಾ ತಪ್ಪೀತು ಎಂಬ ಭಯವೋ, ಸೋಮಾರಿತನವೋ, ಈಗ ನನಗೇ ತಿಳಿಯದು. ಮೂರನೇ ವರ್ಷದಿಂದ ನಾನು ಆಕೆಯ ಬಾಗಿಲವರೆಗೂ ಒಯ್ಯಲಿಲ್ಲ, ಕಚೇರಿಯಲ್ಲೇ ಮೊಹರು ಒತ್ತಿಬಿಡುತ್ತಿದ್ದೆ. ಒಟ್ಟು ಐದು ಲಕೋಟೆ. ಐದನೆಯದು ಉಳಿದವುಗಳಿಗಿಂತ ಭಾರವಾಗಿತ್ತು, ವಿಳಾಸದ ಅಕ್ಷರಗಳು ನಡುಗಿದ್ದವು. ಆರನೇ ವರ್ಷ ಬರಲಿಲ್ಲ. ಅಂತೂ ಮುದುಕನಿಗೆ ಬುದ್ಧಿ ಬಂತು ಎಂದುಕೊಂಡೆ.

ಇತ್ತ ಸಕ್ಕರೆ ಕಂಪನಿಯ ಕ್ಯಾಟಲಾಗಿನಲ್ಲಿ ತಂಗಿ ಬಟಾಣಿ ವರ್ಷವರ್ಷಕ್ಕೂ ಮುಂದಿನ ಪುಟಗಳಿಗೆ ಬಂತು. ಹೆಸರು ಬದಲಾಗಿತ್ತು, ಹಿಮರಾಣಿ. ಅಕ್ಕನಿಗೆ ಅದೂ ಹೆಮ್ಮೆಯೇ. "ರಾಣಿ ಮಾಡಿದಾರೆ ನೋಡು ನಮ್ಮ ಕ್ಯಾಂಟೀನ್ ಹುಡುಗೀನ" ಎಂದು ತೋರಿಸುತ್ತಿದ್ದಳು. ಅವರಿಂದ ಆ ಬೀಜವನ್ನು ಆಕೆ ಎಂದೂ ಕೊಂಡಿರಲಿಲ್ಲ. ಕೊಳ್ಳುವ ಅಗತ್ಯವೇನಿತ್ತು, ತನ್ನ ಡಬ್ಬದಲ್ಲೇ ಇತ್ತಲ್ಲ.

ಆಕೆಯದ್ದೇ ಒಂದು ನಿಯಮವಿತ್ತು, ಊರಿಗೆಲ್ಲ ಹೇಳಿಕೊಟ್ಟದ್ದು: ಎಷ್ಟೇ ಬಿತ್ತು, ಒಂದು ಮುಷ್ಟಿ ಡಬ್ಬದಲ್ಲಿರಲಿ. ಹೋದ ವರ್ಷದ ಹಿಂದಿನ ವರ್ಷ ಆಲಿಕಲ್ಲು ಬಿದ್ದು ಊರಿನ ತೋಟಗಳೆಲ್ಲ ನೆಲಸಮವಾದವು. ಬಟಾಣಿಯಲ್ಲಿ ಒಂದು ಕಾಳೂ ಸಿಗಲಿಲ್ಲ. ಮರುವರ್ಷ ಅಕ್ಕ ಡಬ್ಬದಲ್ಲಿದ್ದ ಹಳೆಯ ಬೀಜವನ್ನು ಪೂರ್ತಿ ಬಿತ್ತಿದಳು. ಹೋದ ಬೆಳೆಯ ನಷ್ಟ ತುಂಬಿಕೊಳ್ಳುವ ಆತುರ. ನಾನು ಬೇಲಿಯಾಚೆ ನಿಂತು, "ಮುಷ್ಟಿ ಇಟ್ಕೊಂಡ್ರಾ?" ಎಂದು ಕೇಳಿದೆ.

"ಕಂಪನೀಲಿ ಇದೆಯಲ್ಲ" ಎಂದಳು.

ಮೊಳಕೆ ಬಂದು ಗೇಣುದ್ದ ಆಗಿತ್ತು. ಮೇಲಿನ ಹುಲ್ಲುಗಾವಲಿಗೆ ಹೋಗುತ್ತಿದ್ದ ಕುರಿಮಂದೆ ಬೇಲಿ ಮುರಿದು ನುಗ್ಗಿತು. ಅಕ್ಕ ಡ್ಯೂಟಿಯಲ್ಲಿದ್ದಳು. ಮಧ್ಯಾಹ್ನ ಬಂದು ನೋಡಿದರೆ ಗೊರಸಿನ ಗುರುತು ಬಿಟ್ಟರೆ ಮತ್ತೇನೂ ಇಲ್ಲ. ಅಕ್ಕ ಅಷ್ಟೇನೂ ಕಂಗಾಲಾಗಲಿಲ್ಲ. ಕುರಿ ಕಾಯುವವನಿಗೆ ಎರಡು ಮಾತು ಬೈದಳು, ಸಂಜೆಯೇ ಸಕ್ಕರೆ ಕಂಪನಿಗೆ ಹಿಮರಾಣಿಗಾಗಿ ಆರ್ಡರ್ ಬರೆದಳು.

ಪೊಟ್ಟಣ ಈ ವರ್ಷ ಬಿತ್ತನೆಗೆ ಸರಿಯಾಗಿ ಬಂತು. ಹೊಳೆಯುವ ಕಾಗದ, ಮೇಲೆ ಕಿರೀಟದ ಚಿತ್ರ. ಸುರಿದು ನೋಡಿದಾಗ ಕಾಳು ದಪ್ಪಗಿತ್ತು, ಅಕ್ಕ ಒಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. "ದಪ್ಪ ಆಗಿದಾಳೆ" ಎಂದಳು. ನಗಲಿಲ್ಲ. ಗಿಡಗಳು ಸೊಂಟದೆತ್ತರ ಬಂದವು, ಅಗಲ ಎಲೆ, ದೊಡ್ಡ ಹೂ. ಮೊದಲ ಕಾಯಿಯೊಂದನ್ನು ನನಗೆ ಬಿಡಿಸಿ ಕೊಟ್ಟಳು. ಸಿಹಿಯೆಂದರೆ ಸಿಹಿ, ಕಲ್ಲುಸಕ್ಕರೆ. ನಾನು ಚೆನ್ನಾಗಿದೆ ಎಂದೆ. ಆಕೆಯ ಮುಖ ಸಪ್ಪಗಾಯಿತು.

"ಇದು ಅದಲ್ಲ ಪೋಸ್ಟಪ್ಪ" ಎಂದಳು.

ಎಪ್ಪತ್ತನೇ ದಿನ ಚಳಿ ಬಿತ್ತು. ಅಂಥ ದೊಡ್ಡ ಚಳಿಯೇನಲ್ಲ, ಬಕೆಟ್ಟಿನ ಮೇಲೆ ತೆಳ್ಳಗೆ ಒಂದು ಪದರ. ಬೆಳಗ್ಗೆ ನಾನು ಆ ಬೀದಿಯಲ್ಲಿ ಹೋಗುವಾಗ ಅಕ್ಕ ಸಾಲಿನ ನಡುವೆ ಕೂತಿದ್ದಳು. ಕೈಯಲ್ಲಿ ತಂಗಿಯ ಸ್ವೆಟರ್ ಇತ್ತು. ಉಳಿದದ್ದಕ್ಕೆ ಎಳೆ ಕಟ್ಟಲೆಂದು ತಂದಿದ್ದಳು. ಕಟ್ಟಲು ಒಂದೂ ಉಳಿದಿರಲಿಲ್ಲ. ಅಷ್ಟೂ ಬಳ್ಳಿ ಕಪ್ಪಾಗಿ, ನೀರು ಬಿಟ್ಟುಕೊಂಡು, ಕಡ್ಡಿಗಳಿಗೆ ಜೋತುಬಿದ್ದಿತ್ತು. ಆ ದಿನದ ಅಂಚೆಯನ್ನು ಬೇಲಿಯ ಕಂಬಕ್ಕೆ ಸಿಕ್ಕಿಸಿ ಹೋದೆ.

ಸಕ್ಕರೆ ಕಂಪನಿಗೆ ಅಕ್ಕ ಆಗ ಎರಡನೇ ಕಾಗದ ಬರೆದಳು, ಹನ್ನೊಂದು ವರ್ಷ ತಡವಾಗಿ. ನಿಮ್ಮ ತೋಟ ಎಷ್ಟು ಎತ್ತರದಲ್ಲಿದೆ? ಉತ್ತರ ಯಥಾಪ್ರಕಾರ ಸಿಹಿಯಾಗಿತ್ತು. ತಮ್ಮ ತೋಟಗಳು ಬಯಲು ಸೀಮೆಯಲ್ಲಿ, ನದಿಯ ದಂಡೆಯಲ್ಲಿವೆ. ಹಿಮರಾಣಿಯನ್ನು ಪ್ರತಿವರ್ಷ ಅತಿ ಸಿಹಿಯಾದ, ಅತಿ ದೊಡ್ಡ ಕಾಯಿಯ ಬಳ್ಳಿಗಳನ್ನೇ ಆರಿಸಿ ಸುಧಾರಿಸಲಾಗಿದೆ. ಮೂಲದ ಬೀಜ ಈಗ ತಮ್ಮಲ್ಲಿ ಇಲ್ಲ. ತಂಗಿಯವರ ನೆನಪು ಮಾತ್ರ ಸದಾ ಹಸಿರು. ಅಲ್ಲಿಗೆ ಹನ್ನೊಂದು ವರ್ಷ ಬೆಚ್ಚಗಿನ ನೆಲದಲ್ಲಿ, ಚಳಿಯನ್ನೇ ಕಾಣದೆ, ಆ ಬಟಾಣಿ ತಾನು ಕಲಿತಿದ್ದ ಒಂದೇ ವಿದ್ಯೆಯನ್ನೂ ಮರೆತಿತ್ತು.

ಅಕ್ಕ ಮೂರು ದಿನ ಡ್ಯೂಟಿಗೆ ಹೋಗಲಿಲ್ಲ. ನಾಲ್ಕನೇ ದಿನ ಅಂಚೆ ಕಚೇರಿಗೆ ತಾನೇ ಬಂದು ಒಂದು ಲಕೋಟೆ ಕೊಟ್ಟಳು. ವಿಳಾಸ ಹಾಗಲಕಾಯಿಯದು.

"ಏನು ಬರೆದ್ರಿ?" ಎಂದು ಕೇಳಿದೆ. ಕೇಳಬಾರದಿತ್ತು.

"ತಪ್ಪಾಯ್ತು ಅಂತ. ತಂಗಿ ಇದ್ದರೆ ಹತ್ತು ಕಾಳು ಕೊಡಿ ಅಂತ."

ಹದಿನೇಳು ದಿನ. ಅಷ್ಟೂ ದಿನ ಆಕೆ ಕಿಟಕಿಯಿಂದ ನನ್ನ ಚೀಲ ನೋಡುತ್ತಿದ್ದಳು, ನಾನು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದೆ. ಹದಿನೆಂಟನೇ ದಿನ ಒಂದು ಪಾರ್ಸೆಲ್ ಬಂತು. ಓಡುತ್ತ ಹೋದೆ ಎಂದರೆ ನಂಬಿ, ಈ ವಯಸ್ಸಿನಲ್ಲಿ ಓಡಿದೆ.

ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಮೇಲೆ ಒಂದು ಚೀಟಿಯಿತ್ತು, ಮುದುಕನ ಸೊಸೆ ಬರೆದದ್ದು. "ಮಾವ ತೀರಿಕೊಂಡು ಆರು ವರ್ಷವಾಯಿತು. ತೋಟ ಈಗಿಲ್ಲ. ನಿಮ್ಮ ಹೆಸರಿನ ಇವು ಅಟ್ಟದ ಮೇಲೆ, ಒಲೆಯ ಕೊಳವೆಯ ಪಕ್ಕದ ಪೆಟ್ಟಿಗೆಯಲ್ಲಿದ್ದವು. ನಿಮ್ಮದೇ ಆದ್ದರಿಂದ ಕಳಿಸಿದ್ದೇನೆ." ಕೆಳಗೆ ಐದು ಲಕೋಟೆ. ಐದರ ಮೇಲೂ ನನ್ನ ಮೊಹರು, ನನ್ನ ಸಹಿ, ಅಚ್ಚುಕಟ್ಟಾಗಿ, ನೇರವಾಗಿ. ಒಂದೂ ಬಿಚ್ಚಿರಲಿಲ್ಲ.

ಮೊದಲನೆಯದನ್ನು ಅಕ್ಕ ಓದಿದಳು. "ನಿಮ್ಮ ಬಟಾಣಿ ಬೆಳೆದೆ. ಪಟ್ಟಿಯಲ್ಲಿ ಬರೆದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಸಿಪ್ಪೆ ದಪ್ಪವೇ. ಹೋದ ಬೇಸಿಗೆ ಬಿದ್ದ ಚಳಿಗೆ ನನ್ನ ಹದಿನೆಂಟು ಜಾತಿಯ ಬಟಾಣಿ ಸತ್ತವು. ಇದೊಂದು ನಿಂತಿತು. ನಲವತ್ತು ವರ್ಷದಲ್ಲಿ ಇಂಥದ್ದು ಕಂಡಿಲ್ಲ. ಬೀಜ ಒಂದೇ ಕಡೆ ಇರಬಾರದು, ಅದಕ್ಕೇ ನಿಮ್ಮ ಪಾಲು ಕಳಿಸಿದ್ದೇನೆ." ಒಳಗೆ ಒಂದು ಹಿಡಿ ಕಾಳು. ಎರಡು, ಮೂರು, ನಾಲ್ಕನೆಯದರಲ್ಲಿ ಒಂದೊಂದೇ ಸಾಲು: ಈ ವರ್ಷವೂ ನಿಂತಿತು. ಈ ವರ್ಷ ಹೂವಿನ ಮೇಲೇ ಹಿಮ ಬಿತ್ತು, ನಿಂತಿತು. ಕಾಗದ ವಾಪಸ್ ಬಂತು, ಪರವಾಗಿಲ್ಲ, ನಿಂತಿದೆ.

ಕೊನೆಗೆ ಐದನೆಯದನ್ನು ಬಿಚ್ಚಿದಳು. "ಕಾಲು ಬರುವುದಿಲ್ಲ. ಮುಂದಿನ ವರ್ಷ ಬಿತ್ತಲಾರೆ. ಮಗನಿಗೆ ಆಸಕ್ತಿಯಿಲ್ಲ. ನನ್ನ ಹತ್ತಿರ ಇದ್ದದ್ದು ಅಷ್ಟೂ ಇದರಲ್ಲಿದೆ, ಒಂದು ಕಾಳೂ ಇಟ್ಟುಕೊಂಡಿಲ್ಲ. ಸಿಟ್ಟು ಬಿಟ್ಟು ತೆಗೆದುಕೊಳ್ಳಿ ತಾಯಿ."

ಆ ಮನುಷ್ಯ ಯಾರಿಗೂ ತಾಯಿ ಎಂದು ಬರೆದವನಲ್ಲ.

ಅಕ್ಕ ಅಳಲಿಲ್ಲ. ಎದ್ದು ಹಳೆಯ ಟವೆಲ್ ಹರಿದು, ಬಿಸಿನೀರಲ್ಲಿ ಅದ್ದಿ ಹಿಂಡಿ, ಹರವಿದಳು. ಪ್ರತಿ ವರ್ಷ ಬೀಜ ಪರೀಕ್ಷಿಸುವುದು ಹೀಗೆಯೇ: ಒದ್ದೆ ಬಟ್ಟೆಯಲ್ಲಿ ಹತ್ತು ಕಾಳು ಸುತ್ತಿ ಒಲೆಯ ಮೇಲಿನ ಹಲಗೆಯಲ್ಲಿಡುವುದು, ಎಷ್ಟು ಮೊಳೆಯುತ್ತವೆ ಎಂದು ಎಣಿಸುವುದು. ಈ ಸಲ ಹತ್ತಲ್ಲ, ಐದು ಲಕೋಟೆಯ ಅಷ್ಟೂ ಕಾಳು. ಬಟಾಣಿ ಚೆನ್ನಾಗಿಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ ಎಂದು ನನಗೂ ಗೊತ್ತು, ಆಕೆಗೂ ಗೊತ್ತು. ಒಲೆಯ ಕೊಳವೆಯ ಪಕ್ಕದ ಪೆಟ್ಟಿಗೆ ಚೆನ್ನಾಗಿಡುವ ಜಾಗವಲ್ಲ.

ದಿನವೂ ಅಂಚೆಯಿರಲಿ ಬಿಡಲಿ ಹೋಗುತ್ತಿದ್ದೆ. ಎರಡನೇ ದಿನ ಕಾಳು ಉಬ್ಬಿದವು. ಐದನೇ ದಿನ ಒಂದರ ಸಿಪ್ಪೆ ಬಿರಿದಿತ್ತು, ಅಕ್ಕ ಕನ್ನಡಕ ಹಾಕಿಕೊಂಡು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಮೊಳಕೆಯಲ್ಲ, ಬರಿಯ ಬಿರುಕು. ಎಂಟನೇ ದಿನ ಬಟ್ಟೆಯಿಂದ ವಾಸನೆ ಬಂತು. ಹನ್ನೆರಡನೇ ದಿನ ಮುಟ್ಟಿದರೆ ಲೋಳೆ. ಇಪ್ಪತ್ತನೇ ದಿನದವರೆಗೂ ಬಟ್ಟೆ ಬದಲಿಸುತ್ತ, ತೊಳೆಯುತ್ತ, ಮತ್ತೆ ಸುತ್ತುತ್ತ ಇದ್ದಳು. ಒಂದೂ ಮೊಳೆಯಲಿಲ್ಲ.

"ಅಕ್ಕಾ, ಮೊಹರು ಒತ್ತಿದ್ದು ನಾನು" ಎಂದೆ. "ಕೊನೇ ಮೂರನ್ನ ನಿಮಗೆ ತೋರಿಸಲೂ ಇಲ್ಲ."

"ತೋರಿಸಿದ್ರೆ ನಾನು ತಗೊಳ್ತಿದ್ನಾ?" ಎಂದಳು. ಐದನೇ ಲಕೋಟೆಯನ್ನು ತಿರುಗಿಸಿ ನೋಡಿ, "ಗೊತ್ತಿಲ್ಲ. ಐದನೇದು ತಗೊಳ್ತಿದ್ನೋ ಏನೋ. ಅಕ್ಷರ ನಡುಗಿತ್ತಲ್ಲ" ಎಂದಳು.

ಅದಾದ ಮೇಲೆ ಅತ್ತಳು. ತಂಗಿ ಸತ್ತಾಗಲೂ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಗ ಆಕೆಗೆ ಏನೋ ಒಂದು ಉಳಿದಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದು ಸರಿ. ಕೊಯ್ಯುವಾಗ ಚಾಕು ಎತ್ತಿಕೊಟ್ಟವನ ಬಗ್ಗೆ ಅವರು ಏನೂ ಹೇಳಿಲ್ಲ. ಆ ಮೊಹರು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಸರ್ಕಾರದ ಸಾಮಾನು, ಎಸೆಯುವಂತಿಲ್ಲ.

ಅಕ್ಕ ಈಗ ಊರಿಗೆ ಬೀಜ ಆರಿಸುವುದಿಲ್ಲ. ಕೇಳಿದವರಿಗೆ "ನನ್ನ ತಕ್ಕಡಿ ಕೆಟ್ಟಿದೆ, ಬೇರೆಯವರನ್ನ ಕೇಳಿ" ಎನ್ನುತ್ತಾಳೆ. ಗೋಡೆಯ ಮೂರು ಮೊಳೆಗಳೂ ಖಾಲಿ. ಆದರೆ ಯಾವ ಅಂಚೆಯನ್ನೂ ವಾಪಸ್ ಕಳಿಸುವುದಿಲ್ಲ. ಸಕ್ಕರೆ ಕಂಪನಿಯ ಕ್ಯಾಟಲಾಗು, ವಿಮೆಯವರ ಜಾಹೀರಾತು, ಹಲ್ಲಿನ ಡಾಕ್ಟರ ಕರಪತ್ರ, ಎಲ್ಲ ತೆಗೆದುಕೊಳ್ಳುತ್ತಾಳೆ, ತಪ್ಪಿ ಬಂದ ಪಕ್ಕದ ಮನೆಯ ಕಾಗದ ಒಂದು ಬಿಟ್ಟು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಾಳೆ. ಲಕೋಟೆಯನ್ನು ಮೊದಲು ಹೆಬ್ಬೆರಳಿನಿಂದ ಮೂಲೆ ಮೂಲೆ ಒತ್ತಿ ನೋಡುತ್ತಾಳೆ. ಆಮೇಲೆ ಬಿಚ್ಚಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಾಳೆ. ಎಷ್ಟು ಹೊತ್ತಾದರೂ ನಾನು ನಿಂತಿರುತ್ತೇನೆ.

ಓದಿ ಮುಗಿಸಿ ಮಡಚಿ, "ಏನೂ ಇಲ್ಲ, ಹೋಗು" ಎನ್ನುತ್ತಾಳೆ.